ಆರು ಕಿಸೆಯ ಗಲೀಫ

ನಮ್ಮ ಮನೆಯ ಮುಂಬಾಗಿಲ ಮೇಲೆ ಒಂದು ತಗಡಿನ ಬೋರ್ಡು ಇದೆ. ಹತ್ತಿರ ನಿಂತು ಓರೆಯಾಗಿ ನೋಡಿದರೆ ಬಣ್ಣದ ಅಡಿಯಲ್ಲಿ ಬಣ್ಣ, ಅದರ ಅಡಿಯಲ್ಲಿ ಮತ್ತೊಂದು ಬಣ್ಣ, ಹೀಗೆ ಮೂರು ಅಂಗಡಿಗಳು ಕಾಣುತ್ತವೆ. ಮೂರೂ ನನ್ನವೇ. ಮೂರರಲ್ಲೂ ಮಾರುವ ಸರಕು ಒಂದೇ. ಹೆಸರು ಮಾತ್ರ ಬೇರೆ ಬೇರೆ.

ಊರು ವಾಡಿ. ಮನೆಯಲ್ಲಿ ನಾನು ಮತ್ತು ಅಪ್ಪ ಇಬ್ಬರೇ. ಅಪ್ಪ ಶಹಾಬಾದಿನ ಶಾಲೆಯೊಂದರಲ್ಲಿ ಕನ್ನಡ ಮಾಸ್ತರರಾಗಿದ್ದು ನಿವೃತ್ತರಾದವರು. ಸ್ವಂತ ತಂಗಿಯ ಮಗನನ್ನು ಒಂದೇ ಒಂದು ಅಂಕಕ್ಕೆ ಫೇಲು ಮಾಡಿ, ಆಮೇಲೆ ಆ ತಂಗಿಯ ಮನೆಗೆ ಹೋಗಿ ಊಟ ಮಾಡಿ ಬಂದ ಮನುಷ್ಯ. ಸುಳ್ಳು ಹೇಳಿದವರಲ್ಲ, ಯಾರನ್ನೂ ಬಾಯಿತುಂಬ ಹೊಗಳಿದವರೂ ಅಲ್ಲ. ನಾನು ಎಸ್ಸೆಸ್ಸೆಲ್ಸಿಯಲ್ಲಿ ಕನ್ನಡಕ್ಕೆ ತೊಂಬತ್ತೆರಡು ತಂದಾಗ, ಉಳಿದ ಎಂಟು ಎಲ್ಲಿ ಹೋದವು ಎಂದು ಪ್ರಶ್ನೆಪತ್ರಿಕೆ ಹಿಡಿದು ಒಂದು ಗಂಟೆ ಹುಡುಕಿದ್ದರು.

ನಾನು ಊರಿನ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತೆಯಾಗಿದ್ದೆ. ವರ್ಷದಿಂದ ವರ್ಷಕ್ಕೆ ಮಕ್ಕಳಿಗಿಂತ ಬೆಂಚುಗಳೇ ಹೆಚ್ಚಾಗುತ್ತ ಬಂದು ಶಾಲೆ ಮುಚ್ಚಿತು. ಆಗ ನನಗೆ ನಲವತ್ತೊಂದು. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ನನ್ನ ಬಳಿ ಉತ್ತರವಿಲ್ಲ. ಕಾರಣ ಗೊತ್ತಿದ್ದಿದ್ದರೆ ಅದನ್ನು ಸರಿಮಾಡಿ ಮದುವೆಯಾಗಿರುತ್ತಿದ್ದೆನೇನೋ. ಕೆಲಸ ಹೋದ ಮೇಲೆ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮ ಮನೆಯಲ್ಲಿ ದೇವರಿಗೆ ಒಂದು ಗೂಡಿದೆ, ಅಪ್ಪನಿಗೆ ಮುಂದಿನ ಖೋಲಿಯಲ್ಲಿ ಒಂದು ಖುರ್ಚಿ ಇದೆ, ಬೆಕ್ಕಿಗೂ ಒಂದು ಗೋಣಿತಾಟು ಇದೆ. ನನಗೆ ಮಾತ್ರ ಕೂಡುವ ಜಾಗವೇ ಇಲ್ಲ. ಅಡುಗೆಮನೆ ನಿಲ್ಲುವ ಜಾಗ. ನನಗೆ ರಸ್ತೆಗೆ ಬಾಗಿಲು ತೆರೆದ ಒಂದು ಖೋಲಿ, ಅದರಲ್ಲಿ ನಾನು ಕೂತು ಮಾಡುವ ಒಂದು ಕೆಲಸ ಬೇಕಿತ್ತು. ಆಸೆ ಅಷ್ಟೇ, ಆದರೆ ಅದು ಬಂದ ಮೇಲೆ ನಿದ್ದೆ ಸರಿಯಾಗಿ ಬರಲಿಲ್ಲ.

ಚಿತ್ತಾಪುರದಲ್ಲಿ ಸ್ವಂತ ಉದ್ಯೋಗದ ಐದು ದಿನದ ತರಬೇತಿ ಇದೆ ಎಂದು ಕೇಳಿ ಹೋದೆ. ದಿನಕ್ಕೆ ಎರಡು ಸಲ ಚಹಾ, ಒಂದು ಸಲ ಉಪ್ಪಿಟ್ಟು, ಉಳಿದ ಹೊತ್ತು ಉತ್ಸಾಹ. ಕೊನೆಯ ದಿನ ಎಲ್ಲರಿಗೂ ಒಂದು ಹಾಳೆ ಕೊಟ್ಟರು. ಮೇಲೆ ದಪ್ಪಕ್ಷರದಲ್ಲಿ ‘ಸ್ವಂತ ಉದ್ಯಮಕ್ಕೆ ಏಳು ಹೆಜ್ಜೆಗಳು’ ಎಂದಿತ್ತು. ನನ್ನ ಹಣೆಯಲ್ಲಿ ಬರೆದ ಸಪ್ತಪದಿ ಇದೇ ಇರಬೇಕು ಎಂದುಕೊಂಡು ಅದನ್ನು ನಾಲ್ಕು ಮಡಿಕೆ ಮಾಡಿ ಬ್ಯಾಗಿನಲ್ಲಿ ಇಟ್ಟುಕೊಂಡೆ. ಮುಂದೆ ಆರು ತಿಂಗಳು ಆ ಹಾಳೆ ಆ ಬ್ಯಾಗಿನಲ್ಲೇ ಇತ್ತು.

ಮೊದಲ ಹೆಜ್ಜೆ, ನಿಮಗೆ ಏನು ಬರುತ್ತದೆ ಎಂದು ಗುರುತಿಸಿಕೊಳ್ಳಿ. ನನಗೆ ಹೊಲಿಗೆ ಬರುತ್ತಿತ್ತು. ಎರಡನೆಯದು, ಜನರಿಗೆ ಏನು ಬೇಕು ಎಂದು ಜನರನ್ನೇ ಕೇಳಿ. ಹೆಂಗಸರಿಗೆ ಬಸ್ಸು ಪುಕ್ಕಟೆ ಇರುವುದರಿಂದ ಈ ಹೆಜ್ಜೆಯನ್ನು ನಾನು ಸ್ವಲ್ಪ ಜೋರಾಗಿಯೇ ಇಟ್ಟೆ. ಒಂದು ನೋಟ್‌ಬುಕ್ ಹಿಡಿದು ಆಸುಪಾಸಿನ ನಾಲ್ಕು ಊರು ಸುತ್ತಿದೆ. ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಫರ್ಸಿಕಲ್ಲು ಕೆತ್ತುತ್ತಿದ್ದವನನ್ನು, ನಿಮಗೆ ಏನು ಬೇಕ್ರಿ ಎಂದು ಕೇಳಿದರೆ, “ನೆಳ್ಳು ಬೇಕ್ರಿ” ಅಂದ. ಚಿತ್ತಾಪುರದ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳು, “ಕೂಡ್ಲಿಕ್ಕೆ ಜಾಗ ಬೇಕ್ರಿ ಅಕ್ಕಾ, ಸ್ವಲ್ಪ ಸರೀರಿ” ಅಂದಳು. ಸೇಡಂನಲ್ಲಿ ತೊಗರಿ ಅಂಗಡಿಯವರು, “ನೀವೇನ್ ಕೊಡ್ತೀರಿ ಅದು ಮೊದಲ ಹೇಳ್ರಿ, ಆಮ್ಯಾಲ ಬೇಕೋ ಬ್ಯಾಡೋ ಹೇಳ್ತೀನಿ” ಎಂದರು. ಚಿಂಚೋಳಿಯವರಿಗೆ ಬಸ್ಸು ಬೇಕಿತ್ತು. ಅವರು ಹೇಳಿದ್ದು ಖರೆ. ವಾಪಸು ಬರುವ ಬಸ್ಸಿಗೆ ನಾನೂ ಎರಡು ತಾಸು ಕಾದೆ.

ನೆರಳು, ಜಾಗ, ಬಸ್ಸು. ಮೂರರಲ್ಲಿ ಒಂದನ್ನೂ ಹೊಲಿಯಲು ಬರುವುದಿಲ್ಲ.

ಮನೆಗೆ ಬಂದು ನೀರು ಕುಡಿಯಲು ಫ್ರಿಜ್ಜಿನ ಬಾಗಿಲಿಗೆ ಕೈ ಹಚ್ಚಿದೆ. ಐದೂ ಬೆರಳು ಮೂಡಿದವು. ಬೆಳಿಗ್ಗೆಯಷ್ಟೇ ಒರೆಸಿ ಹೋಗಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ನಮ್ಮ ಕಡೆ ಕಲ್ಲಿನ ಧೂಳು, ಲಾರಿಯ ಧೂಳು, ರೈಲಿನ ಧೂಳು ಎಲ್ಲವೂ ಬಂದು ಕೂಡುವುದು ಮನುಷ್ಯರ ಸಾಮಾನಿನ ಮೇಲೆ. ನಮ್ಮೂರಿನಲ್ಲಿ ಟೀವಿ ಯಾವ ಬಣ್ಣದ್ದು ಎಂದು ಹೇಳಬೇಕಾದರೆ ಮೊದಲು ಅದನ್ನು ಒರೆಸಬೇಕು. ನಾನು ಇವೆಲ್ಲಕ್ಕೂ ಬಟ್ಟೆ ಹೊಲಿಯುತ್ತೇನೆ! ಫ್ರಿಜ್ಜಿಗೆ, ಟೀವಿಗೆ, ಮಿಕ್ಸರಿಗೆ, ಸ್ಕೂಟರಿಗೆ. ಖುಷಿಗೆ ಫ್ರಿಜ್ಜಿನ ಬಾಗಿಲು ಹಾಕುವುದನ್ನೇ ಮರೆತೆ, ಅದು ಬೀಪ್ ಬೀಪ್ ಎಂದು ಒದರುತ್ತ ನಿಂತಿತ್ತು.

ಅಪ್ಪನಿಗೆ ಹೇಳಿದೆ. ಅವರು ಚಷ್ಮಾ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

“ಮುಂದಿನ ಖೋಲಿ ಬಾಡಿಗಿ ಕೇಳಾಕತ್ತಾನ, ಆ ಝೆರಾಕ್ಸಿನವ,” ಎಂದರು.

“ನನಗ ಕೊಡ್ರಿ ಅಪ್ಪಾ.”

ಅಪ್ಪ ಬಹಳ ಹೊತ್ತು ವಿಚಾರ ಮಾಡಿ ಪ್ರಶ್ನೆಪತ್ರಿಕೆ ತೆಗೆಯುವವರ ಹಾಗೆ ಒಂದು ಕರಾರು ಹಾಕಿದರು. “ಸಂಕ್ರಾಂತಿ ತನಕ ಖೋಲಿ ನಿಂದು. ಅಷ್ಟರೊಳಗ ಒಬ್ಬ ಗಿರಾಕಿ, ಒಬ್ಬನೇ ಸಾಕು, ನೀ ಹೊಲಿದದ್ದು ತಗೊಂಡು ‘ಛಲೋ ಅದ’ ಅನ್ನಬೇಕು. ಇಲ್ಲಂದ್ರ ಝೆರಾಕ್ಸಿನವಗ.”

ಅವರ ಖುರ್ಚಿಯನ್ನು ನಡುಮನೆಗೆ ಒಯ್ದೆವು. ನನ್ನ ಹೊಲಿಗೆ ಮಷಿನ್ನು ಮುಂದಿನ ಖೋಲಿಗೆ ಬಂತು.

ಬೋರ್ಡು ಬರೆಯಲು ನಮ್ಮ ಓಣಿಯ ಪೇಂಟರ್ ಚಾಚಾ ಬಂದರು. ನಾನು ‘ಎಲ್ಲಾ ತರಹದ ಕವರ್ ಸಿಗುತ್ತವೆ’ ಎಂದು ಬರೆಸಿದೆ. ಮೊದಲ ದಿನವೇ ಏಳು ಜನ ಬಂದರು. ಏಳೂ ಜನಕ್ಕೆ ಬೇಕಾದದ್ದು ಕಾಗದದ ಕವರು. ಅರ್ಜಿ ಹಾಕಲು ಉದ್ದನೆಯದು, ಮದುವೆಯಲ್ಲಿ ಮುಯ್ಯಿ ಕೊಡಲು ಬಣ್ಣದ್ದು, ಒಬ್ಬರಿಗೆ ಪೋಸ್ಟಿನದು, ಅಂಟು ಸಮೇತ. ಒಂದು ವಾರ ಕಾದೆ. ಫ್ರಿಜ್ಜಿನ ಕವರು ಕೇಳಿದವರು ಯಾರೂ ಇಲ್ಲ. ಫ್ರಿಜ್ಜಿಗೂ ಕವರ್ ಇದೆ ಎಂದು ನಾನೇ ಹೇಳಿದರೆ ಒಬ್ಬ ಮುದುಕ, “ಅದನ್ನ ಯಾರಿಗಿ ಪೋಸ್ಟ್ ಮಾಡ್ತೀರಿ ತಂಗಿ?” ಎಂದು ಕೇಳಿದ.

ಅಪ್ಪ ಇದಕ್ಕೇ ಕಾದು ಕೂತಿದ್ದರು. “ಇಂಗ್ಲಿಷ್ ಶಬ್ದ ಬರಸಿದ್ರ ಹಿಂಗ ಆಗ್ತದ. ಕನ್ನಡದಾಗ ಚಂದ ಶಬ್ದ ಅದ. ಗವಸು. ಗವಸು ಅಂತ ಬರಸು.” ಬರೆಸಿದೆ. ‘ಗವಸುಗಳ ಅಂಗಡಿ’. ಅಪ್ಪ ರಸ್ತೆಯ ಆಚೆ ಬದಿ ನಿಂತು ಬೋರ್ಡು ಓದಿ, ಸಮಾಧಾನದಿಂದ ತಲೆಯಾಡಿಸಿ ಒಳಗೆ ಹೋದರು. ಹದಿನೈದು ದಿನದಲ್ಲಿ ಒಬ್ಬರೇ ಬಂದರು. ಸೆರಗಿನ ಗಂಟು ಬಿಚ್ಚುತ್ತ ಬಂದ ಒಬ್ಬ ಅಜ್ಜಿ.

“ಗಸಗಸಿ ಪಾವ್ ಕಿಲೋಕ್ಕ ಹ್ಯಾಂಗ ಎವ್ವಾ?”

ಒಳಗಿನಿಂದ ಅಪ್ಪನ ಖುರ್ಚಿ ಕಿರ್ ಎಂದಿತು. ಅವರು ಹೊರಗೆ ಬರಲಿಲ್ಲ.

ಮೂರನೆಯ ಸಲ ಬಣ್ಣ ತೆಗೆದುಕೊಂಡು ಬಂದ ಚಾಚಾ ಏಣಿಯ ಮೇಲೆ ನಿಂತೇ ನನಗೆ ಬುದ್ಧಿ ಹೇಳಿದರು. “ಬೇಟಿ, ಮಂದಿ ಏನಂತಾರ ಅದ ಬರೀಬೇಕು. ಗಲೀಫ ಅಂತ ಬರೀತೀನಿ. ತಲದಿಂಬಿಗಿ ಹಾಕೂದು ಗಲೀಫ, ಗಾದಿಗಿ ಹಾಕೂದು ಗಲೀಫ, ದರ್ಗಾಕ್ಕ ಏರಸೂದೂ ಗಲೀಫ. ಮುಚ್ಚೂದಕ್ಕೆಲ್ಲಾ ಗಲೀಫ. ಸಣ್ಣ ಹುಡುಗಗೂ ತಿಳೀತದ.”

ಅಪ್ಪ ಬಾಗಿಲಿಗೆ ಬಂದು ನಿಂತಿದ್ದರು. “ಆ ಶಬ್ದ ಮಾತ್ರ ಬ್ಯಾಡ. ನನ್ನ ಬಾಯಾಗ ಬರಂಗಿಲ್ಲ.”

“ಖುರ್ಚಿ ಯಾವ ಕನ್ನಡ ಅಪ್ಪಾ? ಚಷ್ಮಾ ಯಾವ ಕನ್ನಡ?” ನನಗೂ ಸಿಟ್ಟು ಬಂದಿತ್ತು. ದೀಪಾವಳಿ ಮುಗಿದಿತ್ತು, ಸಂಕ್ರಾಂತಿ ದೂರವಿರಲಿಲ್ಲ, ಮತ್ತು ನಾನು ಇಲ್ಲಿಯವರೆಗೆ ಮಾರಿದ್ದು ಸೊನ್ನೆ.

ಚಾಚಾ ಗಲೀಫ ಎಂದೇ ಬರೆದು ಏಣಿ ಇಳಿದರು. ಅಪ್ಪ ಮುಂದೆ ಎರಡು ದಿನ ಖುರ್ಚಿಗೆ ಪೀಠ ಎಂದೂ ಚಷ್ಮಾಕ್ಕೆ ಕನ್ನಡಕ ಎಂದೂ ಅಂದರು. ಮೂರನೆಯ ದಿನ ಅವಸರದಲ್ಲಿ ಚಷ್ಮಾ ಎಲ್ಲದ ಎಂದು ಕೂಗಿ ತಾವೇ ನಾಲಿಗೆ ಕಚ್ಚಿಕೊಂಡರು. ಆದರೆ ನನ್ನ ಅಂಗಡಿಯನ್ನು ಮಾತ್ರ ಅವರು ಹೆಸರಿಟ್ಟು ಕರೆಯಲಿಲ್ಲ. “ನಿನ್ನ ಅದು” ಎಂದೇ ಅನ್ನುತ್ತಿದ್ದರು. ನಿನ್ನ ಅದು ಹ್ಯಾಂಗ ನಡೆದದ? ನಿನ್ನ ಅದರ ಬಾಗಲಾ ಹಾಕ್ಕೊ, ಬೆಕ್ಕು ಬರ್ತದ. ನನಗೆ ಅದು ನೋಯುತ್ತಿತ್ತು. ತೋರಿಸಿಕೊಳ್ಳಲಿಲ್ಲ.

ತರಬೇತಿ ಹಾಳೆಯಲ್ಲಿ ನಾಲ್ಕೋ ಐದೋ ಹೆಜ್ಜೆ ಹೀಗಿತ್ತು: ನಿಮ್ಮ ಸರಕಿನಲ್ಲಿ ಬೇರೆಯವರಲ್ಲಿ ಇಲ್ಲದ್ದು ಒಂದು ಇರಲಿ. ಬಹಳ ವಿಚಾರ ಮಾಡಿ ನಾನು ಕಿಸೆ ಇಟ್ಟೆ. ಎರಡಲ್ಲ, ಆರು. ಒಂದರಲ್ಲಿ ಟೀವಿಯ ರಿಮೋಟ್, ಒಂದರಲ್ಲಿ ಕರೆಂಟ್ ಬಿಲ್ಲು, ಒಂದರಲ್ಲಿ ಗುಳಿಗೆ, ಒಂದರಲ್ಲಿ ಚಷ್ಮಾ, ಒಂದರಲ್ಲಿ ಕೀಲಿಕೈ. ಆರನೆಯದಕ್ಕೆ ಏನೂ ಹೊಳೆಯಲಿಲ್ಲ, ಆದರೂ ಐದು ಕಿಸೆ ಚಂದ ಕಾಣುವುದಿಲ್ಲ. ಅಂಚಿಗೆ ಗಾಳಿಗೆ ಹಾರದ ಹಾಗೆ ಸುತ್ತಲೂ ಇಲಾಸ್ಟಿಕ್.

ಡಿಸೆಂಬರ್ ಕೊನೆಯಲ್ಲಿ ಫೋನು ಬಂತು. ಗಂಡು ದನಿ, ವಯಸ್ಸಾದದ್ದು.

“ನೀವು ಗಲೀಫದವರೇನ್ರಿ? ನಿಮ್ಮ ಬೋರ್ಡು ನೋಡಿ ನಮ್ಮ ಭಾಂಜಾ, ಅಕ್ಕನ ಮಗ, ನಂಬರ್ ಕೊಟ್ಟಾನ. ಚಿಂಚೋಳಿ ಕಡಿಂದ ಮಾತಾಡ್ಲಿಕತ್ತೀನಿ.”

ಪೆನ್ನು ಹುಡುಕಿದೆ. “ಹೌದ್ರಿ, ಹೇಳ್ರಿ. ನಿಂತದ್ದಕ್ಕೋ ಮಲಗಿದ್ದಕ್ಕೋ?”

ನಿಂತದ್ದು ಅಂದರೆ ಮನೆಯ ಫ್ರಿಜ್ಜು. ಮಲಗಿದ್ದು ಅಂದರೆ ಕಿರಾಣಿ ಅಂಗಡಿಯವರು ಐಸ್‌ಕ್ರೀಂ ಇಡುವ, ಮೇಲಿನಿಂದ ಮುಚ್ಚಳ ತೆಗೆಯುವ ಉದ್ದನೆಯ ಫ್ರಿಜ್ಜು.

“ಮಲಗ್ಯಾರ ಬೇಟಿ,” ಎಂದಿತು ದನಿ ಮೆಲ್ಲಗೆ.

ಚಿಂಚೋಳಿಯವರು ಎಂಥ ಸಂಭಾವಿತರು, ಫ್ರಿಜ್ಜಿಗೂ ಬಹುವಚನ ಹಚ್ಚುತ್ತಾರೆ ಎಂದು ಮನಸ್ಸಿನಲ್ಲೇ ಮೆಚ್ಚಿದೆ. “ಅಳತಿ?”

“ಉದ್ದ ಏಳು ಫೂಟು, ಅಗಲ ಮೂರೂವರಿ, ಎತ್ತರ ಎರಡು.”

“ದೊಡ್ಡದಾ ಅದ ಬಿಡ್ರಿ. ಹೊಸಾದೋ, ಹಳೇದೋ?”

“ಭಾಳ ಹಳೇದು. ನಮ್ಮ ಮುತ್ಯಾನ ಕಾಲಕ್ಕಿಂತ ಮೊದಲಿಂದು.”

“ಈಗೂ ತಂಪು ಅದ ಏನ್ರಿ?”

“ಏನ್ ಕೇಳ್ತೀ ಬೇಟಿ! ಬ್ಯಾಸಗ್ಯಾಗ ಮಂದಿ ಬಂದು ತಾಸಗಟ್ಲೆ ಕೂಡ್ತಾರ. ಅಂಥಾ ತಂಪು.”

“ಮಂದಿ ದಿನಾ ಬರ್ತಾರೇನ್ರಿ?”

“ಗುರುವಾರ ಭಾಳ. ಹಸರು ಬಣ್ಣ ಇರಲಿ, ಅಂಚಿಗಿ ಜರಿ ಝಾಲರ್ ಇರಲಿ. ಸಂಕ್ರಾಂತಿಗಿಂತ ಮೊದಲಿನ ಗುರುವಾರ ಬೇಕು.”

“ಕಿಸೆ ಇಡ್ಲೇನ್ರಿ?”

ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ. “ನಿಮ್ಮ ಕಡೆ ಹ್ಯಾಂಗ ಪದ್ಧತಿ ಅದ ಹಂಗ ಮಾಡ್ರಿ. ಮನಸಿಟ್ಟು ಮಾಡ್ರಿ ಅಷ್ಟ.”

ಗಲೀಫ ಎಂದರೆ ದರ್ಗಾಕ್ಕೆ ಏರಿಸುವುದೂ ಹೌದು ಎಂದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆ ಹರಕೆ ಹೊತ್ತು ಗಲೀಫ ಏರಿಸದ ಮನೆ ಯಾವುದಿದೆ? ಆದರೆ ಆರು ತಿಂಗಳು ಹಗಲೂ ರಾತ್ರಿ ಫ್ರಿಜ್ಜಿನ ಧ್ಯಾನ ಮಾಡಿದವಳಿಗೆ ಜಗತ್ತಿನಲ್ಲಿ ತಂಪಾಗಿ ಮಲಗಿರುವುದೆಲ್ಲ ಫ್ರಿಜ್ಜೇ.

ಹಸಿರು ಸಾಟಿನ್ ತಂದು ಹತ್ತು ದಿನ ಹೊಲಿದೆ. ಮೊದಲ ಗಿರಾಕಿ ಎಂದು ಪ್ರತಿ ಹೊಲಿಗೆಯನ್ನೂ ಎರಡು ಸಲ ಹೊಡೆದೆ. ಅಪ್ಪ ಎರಡು ಮೂರು ಸಲ ಬಂದು ಬಾಗಿಲಲ್ಲಿ ನಿಂತು ನೋಡಿ ಹೋದರು. ಒಂದು ಸಲ ಕೇಳಿದರು, “ಫ್ರಿಜ್ಜಿಗಿ ಜರಿ ಯಾಕ?”

“ಗಿರಾಕಿ ಕೇಳ್ಯಾರ.”

“ಹೂಂ,” ಎಂದು ಹೋದರು. ಚೆನ್ನಾಗಿದೆ ಅನ್ನಲಿಲ್ಲ, ಚೆನ್ನಾಗಿಲ್ಲ ಎಂದೂ ಅನ್ನಲಿಲ್ಲ. ನಾನು ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ, ಆದರೂ ಅವರು ಹೋದ ಮೇಲೆ ಸ್ವಲ್ಪ ಹೊತ್ತು ಮಷಿನ್ನು ತುಳಿಯಲು ಮನಸ್ಸಾಗಲಿಲ್ಲ.

ಗುರುವಾರ ನಸುಕಿಗೆ ಹೊರಟೆ. ಅಪ್ಪ ಕೋಟು ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಗಿರಾಕಿ ‘ಛಲೋ ಅದ’ ಅನ್ನುತ್ತಾನೋ ಇಲ್ಲವೋ ಸ್ವತಃ ಕೇಳಬೇಕು, ಹೇಳಿಕೆ ಮಾತು ನಡೆಯುವುದಿಲ್ಲ ಎಂದರು. ಪರೀಕ್ಷೆಗೆ ಮೇಲ್ವಿಚಾರಕರು ಬಂದ ಹಾಗಾಯಿತು.

ವಾಡಿಯಿಂದ ಚಿತ್ತಾಪುರದ ಬಸ್ಸಿನಲ್ಲಿ ಕಂಡಕ್ಟರ್ ನನಗೆ ಸೊನ್ನೆ ಟಿಕೆಟ್ಟು, ಅಪ್ಪನಿಗೆ ಪೂರಾ ಟಿಕೆಟ್ಟು ಕೊಟ್ಟು, ನನ್ನ ತೊಡೆಯ ಮೇಲಿನ ಗಂಟು ನೋಡಿದ. “ಇದರಾಗ ಏನದ ರೀ? ಲಗೇಜ್ ಆಗ್ತದ.”

“ಗಲೀಫ ಅದ ರೀ,” ಎಂದೆ.

ಅವನ ಮುಖ ಬದಲಾಯಿತು. ಟಿಕೆಟ್ ಮಷಿನ್ನನ್ನು ಕಂಕುಳಿಗೆ ಸಿಕ್ಕಿಸಿ, ಎರಡೂ ಕೈಯಿಂದ ಗಂಟನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. “ಕಾಲಬುಡಕ ಇಡಬ್ಯಾಡ್ರಿ,” ಎಂದು ಹೇಳಿ ಮುಂದಿನ ಸೀಟಿನಲ್ಲಿದ್ದ ಇಬ್ಬರನ್ನು ಎಬ್ಬಿಸಿ ಗಂಟನ್ನು ಅಲ್ಲಿ ಕೂರಿಸಿದ. ಎದ್ದವರೂ ತಕರಾರು ಮಾಡಲಿಲ್ಲ. ಪೂರಾ ಟಿಕೆಟ್ಟು ಕೊಟ್ಟ ಅಪ್ಪ ಕಂಬಿ ಹಿಡಿದು ನಿಂತಿದ್ದರು, ಫ್ರಿಜ್ಜಿನ ಬಟ್ಟೆ ಕೂತು ಹೋಗುತ್ತಿತ್ತು.

ನಮ್ಮ ಸರಕಿಗೆ ಎಂಥ ಮರ್ಯಾದೆ ಎಂದು ನಾನು ಬೀಗಿದೆ. ಸೇಡಂನಲ್ಲಿ ಬಸ್ಸು ಬದಲಿಸುವಾಗ ಒಬ್ಬ ಮುದುಕಿ ತಲೆಯಲ್ಲಿದ್ದ ಸೇವಂತಿಗೆ ತೆಗೆದು ಗಂಟಿನ ಮೇಲಿಟ್ಟು ಹೋದಳು. ಆಗಲೂ ನನಗೆ ತಿಳಿಯಲಿಲ್ಲ. ಅಪ್ಪ ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದರು. “ನೀ ಏನು ಹೊಲದೀ ಅನ್ನೂದು ನಿನಗ ಗೊತ್ತದ ಹೌದಲ್ಲ?” ಎಂದು ಒಂದು ಸಲ ಕೇಳಿದರು.

ಚಿಂಚೋಳಿಯಲ್ಲಿ ಇಳಿದು, ಚಂದಾಪುರ ದಾಟಿ, ಚಂದ್ರಂಪಳ್ಳಿ ಕಡೆಗೆ ಹೋಗುವ ರಸ್ತೆಯಲ್ಲಿ ಆಟೋದವನು ನಮ್ಮನ್ನು ಬಿಟ್ಟ. ಕಿರಾಣಿ ಅಂಗಡಿ ಎಲ್ಲಿಯೂ ಇರಲಿಲ್ಲ. ಒಂದು ದಿಬ್ಬ, ಒಂದು ಬೇವಿನ ಮರ, ಸುಣ್ಣ ಬಳಿದ ಒಂದು ಚಿಕ್ಕ ಗುಮ್ಮಟ. ಬಾಗಿಲು ಎಷ್ಟು ತಗ್ಗು ಎಂದರೆ ಬಗ್ಗಿಯೇ ಒಳಗೆ ಹೋಗಬೇಕು. ಬಾಗಿಲಲ್ಲಿ ಬಿಳಿ ಗಡ್ಡದ ಮುಜಾವರರು, ಅಂದರೆ ಆ ದರ್ಗಾವನ್ನು ನೋಡಿಕೊಳ್ಳುವವರು, ಎದ್ದು ನಿಂತು, “ಬರ್ರಿ, ಬರ್ರಿ, ಕುಂದ್ರಿ,” ಎಂದರು. ಫೋನಿನ ದನಿಯೇ.

ಮಲಗ್ಯಾರ ಬೇಟಿ.

ಓಡಿ ಹೋಗೋಣ ಎನ್ನಿಸಿತು. ನೂರಾರು ವರ್ಷದಿಂದ ಗೋರಿಯಲ್ಲಿ ಮಲಗಿರುವ ಒಬ್ಬ ದೊಡ್ಡವರಿಗೆ ನಾನು ರಿಮೋಟ್ ಇಡುವ ಕಿಸೆ ಹೊಲಿದು ತಂದಿದ್ದೆ. ಅಪ್ಪನ ಕಡೆ ನೋಡಿದೆ. ಅವರು ಗುಮ್ಮಟವನ್ನು, ಗಂಟನ್ನು, ನನ್ನನ್ನು ಒಂದಾದ ಮೇಲೆ ಒಂದು ನೋಡಿದರು. ಎಲ್ಲವೂ ತಿಳಿದಿತ್ತು ಅವರಿಗೆ. ಚಪ್ಪಲಿ ಬಿಟ್ಟು, ಹೆಗಲ ಮೇಲಿನ ಟವೆಲ್ಲಿನಂಥ ವಲ್ಲಿಯನ್ನು ತಲೆಗೆ ಸುತ್ತಿಕೊಂಡರು.

ಅಲ್ಲಿ ಹೆಂಗಸರು ಹೊಸ್ತಿಲ ತನಕ ಮಾತ್ರ. ನಾನು ಹೊರಗೆ ನಿಂತೆ. ಮುಜಾವರರು ಗಂಟು ಬಿಚ್ಚಿ ಗಲೀಫವನ್ನು ಅಪ್ಪನ ಕೈಗೆ ಒಂದು ತುದಿ ಕೊಟ್ಟು ತಾವೊಂದು ತುದಿ ಹಿಡಿದರು. ಇಬ್ಬರು ಮುದುಕರು ಸೇರಿ ಗೋರಿಯ ಮೇಲೆ ಹಾಸಿದರು. ಅಳತೆ ಒಂದು ಬೆರಳೂ ಆಚೀಚೆ ಇರಲಿಲ್ಲ. ಇಲಾಸ್ಟಿಕ್ಕು ನಾಲ್ಕೂ ಮೂಲೆಗೆ ಚಟ್ ಎಂದು ಕೂತಿತು. ಮುಜಾವರರು ಬೆಚ್ಚಿದರು. ಆಮೇಲೆ ಅವರ ಕೈ ಬದಿಗೆ ಹೋಯಿತು. ಒಂದು ಕಿಸೆ ಸಿಕ್ಕಿತು. ಪಕ್ಕದಲ್ಲಿ ಇನ್ನೊಂದು. ಸುತ್ತು ಬಂದು ಆರೂ ಎಣಿಸಿದರು.

“ಬೇಟಿ,” ಎಂದರು, “ಇವು ಆರು ಕಿಸೆ ಯಾಕ?”

ಖೋಲಿ ಹೋಯಿತು. ಝೆರಾಕ್ಸಿನವನು ತನ್ನ ಮಷಿನ್ನು ಎಳೆದುಕೊಂಡು ಬಂದು ನಾನು ಕೂಡುವ ಜಾಗದಲ್ಲಿ ಇಡುವುದು ಕಣ್ಣಿಗೆ ಕಂಡಿತು. ಬಾಯಿ ತೆರೆದು ನಿಜ ಹೇಳಬೇಕು ಎನ್ನುವಷ್ಟರಲ್ಲಿ ಒಳಗಿನಿಂದ ಅಪ್ಪನ ದನಿ ಬಂತು.

“ಅರ್ಜಿ ಇಡಾಕ್ರಿ.”

ಇದು ಅಪ್ಪ ಹೇಳಿದ ಸುಳ್ಳು. ತಂಗಿಯ ಮಗನಿಗೆ ಒಂದು ಅಂಕ ಕೊಡದವರು, ತಲೆಗೆ ವಲ್ಲಿ ಸುತ್ತಿಕೊಂಡು, ಒಂದು ಪವಿತ್ರ ಜಾಗದಲ್ಲಿ ನಿಂತು, ಕಣ್ಣು ಮಿಟುಕಿಸದೆ ಸುಳ್ಳು ಹೇಳಿದ್ದರು. ಹೇಳಿದ ಮೇಲೆ ಮುಂದುವರಿಸಿದರು ಕೂಡ. “ಮಂದಿ ಬೇಡಿಕಿ ಬರದು ತರ್ತಾರಲ್ಲ, ಅವು ಇಡಾಕ. ಅಂಚಿಗಿ ಇಲಾಸ್ಟಿಕ್ ಹಾಕ್ಯಾಳ, ಗಾಳಿಗಿ ಹಾರಬಾರದು ಅಂತ.”

ಮುಜಾವರರ ಮುಖ ಅರಳಿತು. “ಯಾ ಅಲ್ಲಾ! ಮಂದಿ ಚೀಟಿ ತಂದು ಕಲ್ಲಿನ ಕೆಳಗ ಇಡ್ತಾರ, ಗಾಳಿ ಬಿಟ್ರ ಕೆರಿ ತನಕ ಹಾರಿ ಹೋಗ್ತಾವ. ಗಲೀಫನೂ ಹಂಗಾ, ದಿನಕ್ಕ ಎರಡು ಸಲ ಸರಿಮಾಡ್ತೀನಿ. ಇಷ್ಟು ವರ್ಷ ಯಾರಿಗೂ ಹೊಳಿಲಿಲ್ಲ. ನಿಮ್ಮ ಬೇಟಿಗಿ ಭಾಳ ಅಕಲ್ ಅದ ನೋಡ್ರಿ.” ಆಮೇಲೆ ಅಪ್ಪನ ಭುಜದ ಮೇಲೆ ಕೈ ಇಟ್ಟು, “ಬೋಣಿ ನೀವಾ ಮಾಡ್ರಿ. ಮೊದಲನೇ ಅರ್ಜಿ ನೀವು ಬರದು ಇಡ್ರಿ,” ಎಂದರು.

ಮಾಡಿದ್ದುಣ್ಣೋ ಮಹರಾಯ. ಅಪ್ಪ ಹೊರಗೆ ಬಂದು ನನ್ನ ಬಳಿ ಕಾಗದ ಕೇಳಿದರು. ಬ್ಯಾಗಿನಲ್ಲಿ ಇದ್ದದ್ದು ಏಳು ಹೆಜ್ಜೆಗಳ ಹಾಳೆ ಒಂದೇ. ಅದರ ಹಿಂಬದಿ ಖಾಲಿ ಇತ್ತು. ಅಪ್ಪ ಬೇವಿನ ಮರದ ಕಟ್ಟೆಯ ಮೇಲೆ ಕೂತು, ಎಡಗಡೆ ಅಂಚು ಬಿಟ್ಟು ಗೆರೆ ಎಳೆದು, ಬಹಳ ಹೊತ್ತು ಬರೆದರು. ಮಡಚಿ, ಒಳಗೆ ಹೋಗಿ, ಆರನೆಯ ಕಿಸೆಯಲ್ಲಿ ಇಟ್ಟರು.

ಮುಜಾವರರು ಅದನ್ನು ತಕ್ಷಣ ಹೊರಗೆ ತೆಗೆದರು. “ಓದಿ ಕೇಳಸೂದು ನಮ್ಮಲ್ಲಿ ಪದ್ಧತಿ. ನನಗ ಉರ್ದೂ ಓದಾಕ ಬರ್ತದ, ಕನ್ನಡ ಬರಂಗಿಲ್ಲ. ಬೇಟಿ, ನೀ ಓದು.”

“ಬ್ಯಾಡ್ರಿ, ಬ್ಯಾಡ್ರಿ,” ಎಂದರು ಅಪ್ಪ ಗಾಬರಿಯಿಂದ. “ಒಳಗ ಮಲಗಿದವರಿಗಿ ಎಲ್ಲಾ ಗೊತ್ತಿರ್ತದ.”

“ಗೊತ್ತಿರ್ತದ, ಖರೆ. ಆದ್ರೂ ಬಾಯಿಲೆ ಹೇಳಬೇಕಲ್ಲ.”

ಹಾಳೆ ಹೊಸ್ತಿಲು ದಾಟಿ ನನ್ನ ಕೈಗೆ ಬಂತು. ದುಂಡಗಿನ ಅಕ್ಷರ, ಒಂದೂ ಚಿತ್ತುಕಾಟು ಇಲ್ಲ. ಒಳಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದೆ.

“ಇವರಿಂದ, ನಿವೃತ್ತ ಕನ್ನಡ ಶಿಕ್ಷಕ, ವಾಡಿ. ಇವರಿಗೆ, ಪೂಜ್ಯರು, ಚಿಂ­ಚೋಳಿ ತಾಲೂಕು. ಮಾನ್ಯರೇ, ವಿಷಯ: ನನ್ನ ಮಗಳ ಗಲೀಫದ ಅಂಗಡಿಯ ಕುರಿತು.”

ಅಲ್ಲಿ ನಾನು ನಿಂತೆ. ಆ ಶಬ್ದವನ್ನು ಅವರು ಬರೆದಿದ್ದರು. ಕಾಗುಣಿತ ತಪ್ಪಿಲ್ಲದೆ, ಕೆಳಗೆ ಒಂದು ಗೆರೆಯನ್ನೂ ಎಳೆದು.

“ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ತಮಗೆ ಹೊದಿಸಿದ ಈ ಗಲೀಫವನ್ನು ನನ್ನ ಮಗಳು ಹೊಲಿದಿದ್ದಾಳೆ. ಚೆನ್ನಾಗಿ ಹೊಲಿದಿದ್ದಾಳೆ. ಇದನ್ನು ನಾನು ಅವಳಿಗೆ ಹೇಳಿರುವುದಿಲ್ಲ. ಕಿಸೆಯ ವಿಷಯದಲ್ಲಿ ನಾನು ತಮ್ಮ ಸನ್ನಿಧಿಯಲ್ಲಿ ಒಂದು ಸುಳ್ಳು ಹೇಳಿದ್ದೇನೆ, ಅದರ ತಪ್ಪು ನನ್ನದು, ಅವಳದಲ್ಲ. ಅವಳು ಮುಂದಿನ ಖೋಲಿಯಲ್ಲಿ ಕೂತಿದ್ದರೆ ನನಗೆ ಮನೆ ತುಂಬಿದಂತೆ ಇರುತ್ತದೆ. ಆದ್ದರಿಂದ ದಯಮಾಡಿ ಗಿರಾಕಿಗಳನ್ನು ಕಳಿಸಿಕೊಡಬೇಕಾಗಿ ಪ್ರಾರ್ಥನೆ. ಇಂತಿ ತಮ್ಮ ವಿಶ್ವಾಸಿ.”

ಕೊನೆಯ ಸಾಲು ಓದುವಾಗ ನನಗೆ ಅಕ್ಷರ ಕಾಣುತ್ತಿರಲಿಲ್ಲ. ನಾಚಿಕೆಯಿಲ್ಲದೆ ಅಳುತ್ತಿದ್ದೆ. ಮುಜಾವರರು ನನ್ನನ್ನು ನೋಡಿದರು, ಅಪ್ಪನನ್ನು ನೋಡಿದರು, ಬಾಗಿಲ ಬದಿಗೆ ಒರಗಿಸಿದ್ದ ನವಿಲುಗರಿಯ ಕಟ್ಟನ್ನು ತೆಗೆದು ಆಶೀರ್ವಾದವೆಂದು ನನ್ನ ತಲೆಯ ಮೇಲೆ ಒಂದು ಸಲ ಆಡಿಸಿದರು. ಸುಳ್ಳಿನ ಸಾಲಿನ ಬಗ್ಗೆ ಅವರು ಕೇಳಲೇ ಇಲ್ಲ. “ಛಲೋ ಅದ,” ಎಂದರು. “ಅರ್ಜಿನೂ ಛಲೋ ಅದ, ಗಲೀಫನೂ ಛಲೋ ಅದ.”

ಅಪ್ಪ ಗೋಡೆ ನೋಡುತ್ತ ನಿಂತಿದ್ದರು. ಹಾಗೆಯೇ ಕೈ ಚಾಚಿ, “ಪೆನ್ನು ಕೊಡು. ‘ವಂದನೆಗಳೊಂದಿಗೆ’ ಬರೆಯೂದು ಬಿಟ್ಟೀನಿ,” ಎಂದರು.

ವಾಪಸು ಬರುವಾಗ ಮೂರು ಬಸ್ಸಿನಲ್ಲೂ ಅಪ್ಪ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ಸೇಡಂನಲ್ಲಿ ಮಾತ್ರ ಎರಡು ಮಿರ್ಚಿಭಜಿ ತಂದು ಒಂದನ್ನು ನನ್ನ ಕೈಯಲ್ಲಿಟ್ಟರು.

ಸಂಕ್ರಾಂತಿಯ ದಿನ ನಾನು ಸಜ್ಜೆ ರೊಟ್ಟಿ ಬಡಿಯುತ್ತಿದ್ದಾಗ ಝೆರಾಕ್ಸಿನವನು ಬಂದ. ಅಪ್ಪ ಅವನಿಗೆ ಕೊಟ್ಟ ಮಾತಿನ ಪ್ರಕಾರ ಬಂದಿದ್ದ, ಅವನದೇನೂ ತಪ್ಪಿಲ್ಲ. ಹಿಟ್ಟಿನ ಕೈಯಲ್ಲೇ ಬಂದು ಬಾಗಿಲ ಸಂದಿಯಲ್ಲಿ ನಿಂತು ಕೇಳಿದೆ.

“ಮಾಸ್ತರ್ರ, ಖೋಲಿ ಖಾಲಿ ಮಾಡಿದ್ರೇನ್ರಿ?”

“ಖೋಲಿ ಖಾಲಿ ಇಲ್ರಿ,” ಎಂದರು ಅಪ್ಪ. “ನಮ್ಮ ಮಗಳ ಗಲೀಫದ ದುಕಾನ್ ಅದ.”

ಅವನು ಮುಖ ಸಣ್ಣದು ಮಾಡಿಕೊಂಡು ಮೆಟ್ಟಿಲು ಇಳಿದ. ಅಪ್ಪ ಅವನನ್ನು ರಸ್ತೆಯ ತನಕ ನೋಡಿದರು. ಆಮೇಲೆ ನನ್ನ ಮಷಿನ್ನಿನ ಮೇಲಿದ್ದ ಅಳತೆಯ ಟೇಪನ್ನು ಎತ್ತಿ ಕೊರಳಿಗೆ ಹಾಕಿಕೊಂಡು ಹೊರಗೆ ಬಂದು ಕೂಗಿದರು.

“ಏ ತಮ್ಮಾ, ನಿಂದು ಝೆರಾಕ್ಸ್ ಮಷಿನ್ ಅದ ಅಲ್ಲ, ಅದಕ್ಕ ಧೂಳ ಕೂಡ್ತದೇನು?”

“ಭಾಳ ಕೂಡ್ತದ್ರಿ ಸರ್.”

“ಹಂಗಾದ್ರ ಒಳಗ ಬಾ, ಕೂಡು,” ಎಂದರು ಅಪ್ಪ. “ನಿಂತದ್ದೋ, ಮಲಗಿದ್ದೋ?”